ಹತ್ತು ದಿನ ಹೋಗಿ ಬಂದ್ಬಿಡು ಎಂದ ಅಣ್ಣ

ತಾನು ಬ್ರಿಸ್ಬೇನ್‌ಗೆ ಬಂದು ಎರಡು ತಿಂಗಳಾದ ಮೇಲೆ ಅಣ್ಣ ನನಗೆ ಫೋನ್ ಮಾಡಿದ. ಅವನ ದನಿ ಕೇಳಿ ಏಳು ವರ್ಷವಾಗಿತ್ತು.

ಕೊನೆಯ ಸಲ ಮಾತಾಡಿದಾಗ ನಾನು ಪರ್ತ್‌ನ ಬೆಂಟ್ಲಿಯಲ್ಲಿ ನಾಲ್ಕು ಜನ ಹುಡುಗಿಯರ ಜೊತೆ ಬಾಡಿಗೆ ಮನೆಯಲ್ಲಿದ್ದ ವಿದ್ಯಾರ್ಥಿನಿ. ನಾನು ಮದುವೆಯಾಗಬೇಕೆಂದಿದ್ದವನು ಮೈಸೂರಿನಲ್ಲಿದ್ದ. ನಮ್ಮವರು ಹೊಸ್ತಿಲ ಒಳಗೆ ಕರೆಯದ ಜಾತಿಯವನು. ಅಣ್ಣನೂ ಚಿಕ್ಕಪ್ಪನೂ ಹೋಗಿ ಅವನ ಕಾಲು ಮುರಿದರು. ಆಮೇಲೆ ಅಣ್ಣ ನನಗೆ ಫೋನ್ ಮಾಡಿ, ಊರಿಗೆ ಬಂದರೆ ನೀನು ಏರ್‌ಪೋರ್ಟಿನಿಂದ ಮನೆ ತಲುಪುವುದಿಲ್ಲ ಎಂದ. ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳುವವನ ಹಾಗೆ, ಸಮಾಧಾನವಾಗಿ ಹೇಳಿದ.

ಅದನ್ನೆಲ್ಲ ಬರೆದುಕೊಟ್ಟು ನಾನು ಇಲ್ಲಿ ಆಶ್ರಯ ಕೇಳಿದೆ. ಉತ್ತರ ಬರುವವರೆಗೆ ವೆಲ್ಷ್‌ಪೂಲ್‌ನ ಗೋದಾಮೊಂದರಲ್ಲಿ ಗಣಿಗೆ ಹೋಗುವ ಬೂಟುಗಳನ್ನು ಪ್ಯಾಕ್ ಮಾಡುತ್ತಿದ್ದೆ. ಕೊನೆಗೆ ಆಶ್ರಯ ಸಿಕ್ಕಿತು, ಜೊತೆಗೆ ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಹಕ್ಕು. ಅಡಿಲೇಡ್‌ಗೆ ಹೋಗಿ ಕಿಲ್ಬರ್ನ್‌ನಲ್ಲಿ ಒಂದು ಸಣ್ಣ ಮನೆ ಹಿಡಿದು, ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕೆ ಸೇರಿದೆ. ಆ ಹುಡುಗ ಬೇರೆ ಮದುವೆಯಾದ. ಕುಂಟುತ್ತಾ ಮಂಟಪ ಹತ್ತಿದನಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಅವನ ಕಾಲು ಮುರಿದ ಅಣ್ಣ ಮಾತ್ರ ಸಾಫ್ಟ್‌ವೇರ್ ಇಂಜಿನಿಯರಾಗಿ, ಸ್ಕಿಲ್ಡ್ ವೀಸಾ ಹಿಡಿದು, ಅದೇ ದೇಶಕ್ಕೆ ರಾಜಮರ್ಯಾದೆಯಿಂದ ಬಂದಿಳಿದಿದ್ದ. ಆಗಿದ್ದು ಆಗಿಹೋಯಿತು ಎಂದ, ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಕೂತು ಅಪಘಾತಕ್ಕೆ ಸಿಕ್ಕವರ ಹಾಗೆ. ಅಮ್ಮ ದಿನಾ ನಿನ್ನನ್ನು ನೆನೆಸಿಕೊಂಡು ಅಳುತ್ತಾಳೆ, ಒಂದು ಸಲ ಇಲ್ಲಿಗೆ ಬಾ, ಮಾತಾಡೋಣ ಎಂದ. ಅಮ್ಮನ ಹೆಸರು ಹೇಳಿದ್ದಕ್ಕೆ ಹೋದೆ.

ಭಾನುವಾರ ಅವನ ಮನೆಯ ಹಿತ್ತಲಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಊಟ, ಇಟ್ಟಿದ್ದ. ಏಳೆಂಟು ಕನ್ನಡದ ಕುಟುಂಬಗಳು. ತಂಗಿ, ಅಡಿಲೇಡ್‌ನಲ್ಲಿ ಪಿಆರ್ ಎಂದು ನನ್ನನ್ನು ತೋರಿಸಿದ. ಎಲ್ಲರೂ ಅಂಕಲ್ ಎನ್ನುವ ಹಿರಿಯರೊಬ್ಬರು ಯಾವ ಕೆಟಗರಿ ಎಂದು ಕೇಳಿದರು. ಇವರಿಗೆ ಗೋತ್ರಕ್ಕಿಂತ ಅದು ಮುಖ್ಯ. ಪ್ರೊಟೆಕ್ಷನ್ ವೀಸಾ, ಆಶ್ರಯ ಕೇಳಿದವರಿಗೆ ಕೊಡುವುದು, ಎಂದೆ. ಅಂಕಲ್ ತಟ್ಟೆಯಲ್ಲಿದ್ದ ಪನೀರಿನ ತುಂಡನ್ನೇ ನೋಡುತ್ತಾ, "ಅದು ಬೋಟಲ್ಲಿ ಬರೋರಿಗೆ ಅಲ್ವೇನಮ್ಮ?" ಎಂದರು. ಅವರ ಹೆಂಡತಿ ನನ್ನ ಪಕ್ಕದ ಕುರ್ಚಿಯಿಂದ ಎದ್ದು ನೀರು ತರಲು ಹೋದವರು ವಾಪಸು ಬರಲಿಲ್ಲ. ಕಾಲು ಮುರಿದವನ ಕೈಯಿಂದ ಸುಟ್ಟ ಜೋಳ ತೆಗೆದುಕೊಳ್ಳಲು ಅಲ್ಲಿ ಯಾರಿಗೂ ಅಭ್ಯಂತರವಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಣ್ಣ ವಿಷಯಕ್ಕೆ ಬಂದ.

"ವೀಸಾದವರಿಗೆ ಏನೇನು ಬರೆದುಕೊಟ್ಟಿದ್ದೀಯ?"

"ನಡೆದಿದ್ದನ್ನ."

"ನನ್ನ ಹೆಸರೂನಾ?"

"ನಡೆದಿದ್ದರಲ್ಲಿ ನೀನೂ ಇದ್ದೆಯಲ್ಲ."

ಸ್ವಲ್ಪ ಹೊತ್ತು ಒಲೆಯ ಕಂಬಿ ಉಜ್ಜಿದ. ಆಮೇಲೆ, ಮೈಸೂರಿನಲ್ಲಿ ತನ್ನ ಮದುವೆ ಗೊತ್ತಾಗಿದೆ, ಹೆಣ್ಣಿನ ಕಡೆಯವರು ತಂಗಿಯನ್ನು ಕೇಳುತ್ತಿದ್ದಾರೆ ಎಂದ. "ಹತ್ತು ದಿನ ಹೋಗಿ ಬಂದ್ಬಿಡು. ಇಂಡಿಯನ್ ಪಾಸ್‌ಪೋರ್ಟ್ ಇನ್ನೂ ಇದೆಯಲ್ಲ ನಿಂದು. ಕೊಲಂಬೊ ಮೇಲೆ ಹೋದ್ರೆ ಯಾರಿಗೂ ಗೊತ್ತಾಗಲ್ಲ."

ಪಾಸ್‌ಪೋರ್ಟ್ ಇತ್ತು. ನನಗೆ ಆಸೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಅಡಿಲೇಡ್‌ನಲ್ಲಿ ನನ್ನ ಕೇಸು ನೋಡಿದ್ದ ವಕೀಲೆಯನ್ನು ಕೇಳಿದೆ. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಊರಿಗೆ ಹೋಗಬಾರದೆಂಬುದು ನಿನ್ನ ವೀಸಾದ ಷರತ್ತು ಎಂದರು. ಹೋಗಿ ಮದುವೆಯಲ್ಲಿ ಫೋಟೋ ತೆಗೆಸಿಕೊಂಡರೆ, ಜೀವಭಯವಿದೆ ಎಂದು ನೀನು ಹೇಳಿದ್ದೇ ಸುಳ್ಳಾಗುತ್ತದೆ, ವೀಸಾವೂ ಹೋಗಬಹುದು ಎಂದರು. ಬೇರೆ ದೇಶಕ್ಕೆ ಹೋಗಬಹುದು. ಆದರೆ ಆ ಪಾಸ್‌ಪೋರ್ಟ್ ಹಿಡಿದು ಓಡಾಡಿದರೆ ಪ್ರಶ್ನೆ ಬರುತ್ತದೆ. ನಿರಾಶ್ರಿತರಿಗೆಂದೇ ಈ ದೇಶ ಕೊಡುವ ಪ್ರಯಾಣಪತ್ರಕ್ಕೆ ಅರ್ಜಿ ಹಾಕು ಎಂದರು.

ಅಣ್ಣ ನನಗಿಂತ ಮೊದಲೇ ಇದನ್ನೆಲ್ಲ ಓದಿಕೊಂಡಿದ್ದ ಎಂದು ಆಗ ಹೊಳೆಯಿತು. ಫೋನ್ ಮಾಡಿ ಕೇಳಿದೆ. ಅವನು ನಾಚಿಕೊಳ್ಳಲೂ ಇಲ್ಲ. ನಾಳೆ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವವನು ನಾನು, ನಿನ್ನ ಕಾಗದದಲ್ಲಿ ನನ್ನ ಹೆಸರು ಹಾಗೇ ಇದ್ದರೆ ಹೇಗೆ ಎಂದ. ನನ್ನನ್ನು ಹೊಡೆಯಲು ಈಗ ಅವನಿಗೆ ಜನ ಬೇಕಿರಲಿಲ್ಲ, ಒಂದು ಟಿಕೆಟ್ ಸಾಕಿತ್ತು. ಹಳೆಯ ಅಣ್ಣನೇ ವಾಸಿ, ಅವನು ಹೊಡೆಯುತ್ತೇನೆಂದು ಹೇಳಿ ಹೊಡೆಯುತ್ತಿದ್ದ.

ಅದೇ ವಾರ ಅಮ್ಮನೇ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದಳು. ಭಜನಾ ಮಂಡಳಿಯ ಹೆಂಗಸರ ಜೊತೆ ಕೌಲಾಲಂಪುರಕ್ಕೆ ಟೂರ್ ಹೊರಟಿದ್ದೇನೆ, ನಿನಗೆ ಅಲ್ಲಿಗೆ ಬರಲು ಆಗುತ್ತಾ ನೋಡು ಎಂದಳು. ಮೂರು ವಾರವಷ್ಟೇ ಇತ್ತು. ಪ್ರಯಾಣಪತ್ರಕ್ಕೆ ಕಾಯುತ್ತಾ ಕೂತರೆ ಟೂರ್ ಮುಗಿಯುತ್ತಿತ್ತು. ವಕೀಲೆಗೆ ತಿಳಿಸಿ, ಪರ್ತ್ ಮೂಲಕ ಇಂಡಿಯನ್ ಪಾಸ್‌ಪೋರ್ಟಿನಲ್ಲೇ ಹೋದೆ. ಇದನ್ನು ಹಿಡಿದವರಿಗೆ ನೆರವೂ ರಕ್ಷಣೆಯೂ ಸಿಗಲೆಂದು ಅದರ ಮೊದಲ ಪುಟದಲ್ಲಿ ರಾಷ್ಟ್ರಪತಿಗಳ ಹೆಸರಿನಲ್ಲಿ ಅಚ್ಚಾಗಿದೆ. ಕಾಲು ಮುರಿದ ದಿನ ಪೊಲೀಸ್ ಠಾಣೆಯಲ್ಲಿ ದೂರನ್ನೇ ಬರೆದುಕೊಂಡಿರಲಿಲ್ಲ. ವಿಮಾನದಲ್ಲಿ ಆ ಪುಟ ಓದಿ ನಗು ಬಂತು.

ಹೋಟೆಲಿನ ಲಾಬಿಯಲ್ಲಿ ಮೂವತ್ತು ಹೆಂಗಸರು ಒಂದೇ ಥರದ ಹಳದಿ ಟೋಪಿ ಹಾಕಿಕೊಂಡು ನಿಂತಿದ್ದರು. ಅಮ್ಮನನ್ನು ಹುಡುಕಲು ಹೊತ್ತು ಹಿಡಿಯಿತು. ಅವಳು ನನ್ನ ಮುಖ, ಮೊಣಕೈ, ಬೆರಳು ಎಲ್ಲ ಮುಟ್ಟಿ ನೋಡಿದಳು. ನೀನು ದಿನಾ ಅಳುತ್ತಾ ನನ್ನನ್ನು ಕರೆಯುತ್ತೀಯಂತೆ, ಅಣ್ಣ ಹೇಳಿದ ಎಂದೆ.

"ನಾನು ಯಾವತ್ತು ಕರೆದೆ? ಬರಬೇಡ ಕಣವ್ವ. ನಿನ್ನ ಚಿಕ್ಕಪ್ಪ ಇನ್ನೂ ಹಂಗೇ ಅವ್ನೆ," ಎಂದಳು.

ಎರಡು ದಿನ ಜೊತೆಗಿದ್ದೆವು. ಅವಳು ಅತ್ತಿದ್ದನ್ನು ನಾನು ನೋಡಲಿಲ್ಲ.

ವಾಪಸು ಬರುವಾಗ ಪರ್ತ್ ಏರ್‌ಪೋರ್ಟಿನಲ್ಲಿ ಅಧಿಕಾರಿಯೊಬ್ಬ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದ. ಇಂಡಿಯಾಕ್ಕೆ ಹೋಗಿದ್ದೆಯಾ ಎಂದು ಮೂರು ಬೇರೆ ಬೇರೆ ರೀತಿಯಲ್ಲಿ ಕೇಳಿದ. ಇಲ್ಲ ಎಂದೆ. ಯಾವ ದೇಶಕ್ಕೆ ಹೆದರಿ ಬಂದೆಯೋ ಅದರ ಪಾಸ್‌ಪೋರ್ಟನ್ನೇ ಹಿಡಿದು ಓಡಾಡುತ್ತೀಯಲ್ಲ ಎಂದ. ನಾನು ಹೆದರಿದ್ದು ಪಾಸ್‌ಪೋರ್ಟ್ ಆಫೀಸಿಗಲ್ಲ, ನಮ್ಮಣ್ಣನಿಗೆ ಎಂದೆ. ಅವನೀಗ ಎಲ್ಲಿದ್ದಾನೆ ಎಂದು ಕೇಳಿದ.

"ಬ್ರಿಸ್ಬೇನ್‌ನಲ್ಲಿ. ವೀಸಾ ನೀವೇ ಕೊಟ್ಟಿದ್ದೀರಿ," ಎಂದೆ.

ಅವನು ಪರದೆಯ ಮೇಲೆ ಏನೋ ಹುಡುಕಿದ, ಇನ್ನೊಬ್ಬಳನ್ನು ಕರೆದು ಪಿಸುಗುಟ್ಟಿದ, ಕೊನೆಗೆ ಪಾಸ್‌ಪೋರ್ಟ್ ವಾಪಸು ಕೊಟ್ಟ. ಕ್ಷಮಿಸು ಎನ್ನುವ ಪದ ಆ ಮೇಜಿನ ಸುತ್ತಮುತ್ತ ಎಲ್ಲೂ ಇರಲಿಲ್ಲ.

ಮದುವೆ ನಡೆಯಿತು. ನನಗೆ ಗಣಿ ಕಂಪನಿಯಲ್ಲಿ ರಜೆ ಸಿಗಲಿಲ್ಲವೆಂದು ಅಣ್ಣ ಬೀಗರಿಗೆ ಹೇಳಿದನಂತೆ. ವೃದ್ಧಾಶ್ರಮ ಎಂದು ಹೇಳಲೂ ಅವನಿಗೆ ಮರ್ಯಾದೆ ಅಡ್ಡ ಬಂದಿರಬೇಕು. ಒಡಹುಟ್ಟಿದವನ ಮದುವೆಗಾದರೂ ಹೋಗಬಾರದಿತ್ತೇನಮ್ಮ ಎಂದು ಪನೀರಿನ ಅಂಕಲ್ ಮೆಸೇಜ್ ಹಾಕಿದರು. ನಾನು ವಕೀಲೆಯ ಆಫೀಸಿಗೆ ಹೋಗಿ, ನನ್ನ ಹಳೆಯ ಹೇಳಿಕೆಯ ಜೊತೆಗೆ ಅಣ್ಣ ಬ್ರಿಸ್ಬೇನ್‌ನಲ್ಲಿ ಹೇಳಿದ್ದನ್ನೂ ಸೇರಿಸಿ ಬರೆದುಕೊಟ್ಟೆ. ಅದು ಎರಡು ಪುಟವಾಯಿತು.