ಯರ್ರಪ್ಪಣ್ಣನ ಸಹಿ

ಮೊನ್ನೆ ಭಾನುವಾರ ನನ್ನ ಮಗಳು ಗೋಬಿ ಮಂಚೂರಿ ಮಾಡುತ್ತೇನೆಂದು ಅಡುಗೆಮನೆ ಹೊಕ್ಕವಳು ವಿನೆಗರ್ ಬಾಟಲಿಯನ್ನು ಕೈಜಾರಿ ಬೀಳಿಸಿದಳು. ಆ ಹುಳಿ ಘಾಟು ನಡುಮನೆಗೆ ಬಂದು ಮೂಗಿಗೆ ಹತ್ತಿದ್ದೇ ತಡ, ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಬದಿಗಿಟ್ಟು ನಾನು ಸುಮ್ಮನೆ ಕೂತುಬಿಟ್ಟೆ. "ಒರೆಸೋ ಬಟ್ಟೆ ಎಲ್ಲಮ್ಮ?" ಎಂದು ಅವಳು ಕೂಗುತ್ತಿದ್ದಳು. ನಾನಾಗಲೇ ಅಲ್ಲಿರಲಿಲ್ಲ. ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಎದುರಿನ ನಮ್ಮಪ್ಪನ ಫೋಟೋ ಸ್ಟುಡಿಯೋದ ಕತ್ತಲೆಕೋಣೆಯಲ್ಲಿದ್ದೆ. ಫೋಟೋ ತೊಳೆಯುವ ಅಲ್ಲಿಯ ತಟ್ಟೆಗಳಿಂದ ಹಗಲಿಡೀ ಇದೇ ವಾಸನೆ ಏಳುತ್ತಿತ್ತು. ನಮ್ಮ ಬಟ್ಟೆಗೂ ಅದೇ ವಾಸನೆ, ಸ್ಕೂಲಿಗೆ ಕಟ್ಟಿಕೊಂಡು ಹೋದ ಚಿತ್ರಾನ್ನಕ್ಕೂ ಅದೇ. ಗೆಳತಿಯರು ನನ್ನನ್ನು ಉಪ್ಪಿನಕಾಯಿ ಎಂದು ಕರೆಯುತ್ತಿದ್ದರೆಂದರೆ ನೀವೇ ಊಹಿಸಿಕೊಳ್ಳಿ.

ಫೋಟೋ ತೆಗೆಯುವುದು ಅಪ್ಪನ ಕೆಲಸ, ಅದನ್ನು ನೋಡುವ ಹಾಗೆ ಮಾಡುವುದು ಅಮ್ಮನದು. ಬೂದಿಕೋಟೆಯಿಂದ ಮದುವೆಯಾಗಿ ಬಂದ ಅಮ್ಮ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಕೈ ಬಲು ನಿಧಾನ, ಬಲು ಶುದ್ಧ. ಹಿಂದಿನ ಕೋಣೆಯ ಕಿಟಕಿಯ ಬಳಿ ಕೂತು ಸಣ್ಣ ಕುಂಚದಲ್ಲಿ ಫೋಟೋಗಳಿಗೆ ಟಚಿಂಗ್ ಮಾಡುತ್ತಿದ್ದಳು. ಬಿಳಿ ಚುಕ್ಕೆ ಮುಚ್ಚುವುದು, ಸಿಡುಬಿನ ಕಲೆ ಅಳಿಸುವುದು, ಮಾಸಿದ ಹುಬ್ಬು ತೀಡುವುದು. ಎಷ್ಟೋ ಮದುವೆಗಂಡುಗಳ ನೆತ್ತಿಗೆ ಕೂದಲು ಕೊಟ್ಟ ಪುಣ್ಯ ನಮ್ಮಮ್ಮನದು.

ಕೆಜಿಎಫ್‌ನಲ್ಲಿ ಗಣಿಗಳು ನಡೆಯುತ್ತಿದ್ದ ಕಾಲ ಅದು. ಭಾನುವಾರ ಬಂತೆಂದರೆ ಅಪ್ಪ ಕ್ಯಾಮೆರಾ ಹೆಗಲಿಗೆ ಹಾಕಿ ಮಾರಿಕುಪ್ಪಂ ರೈಲು ಹತ್ತುತ್ತಿದ್ದ. ಮೈಸೂರು ಮೈನ್ಸ್‌ನ ಮೈದಾನದಲ್ಲಿ ಫುಟ್‌ಬಾಲ್ ಇರುತ್ತಿತ್ತು. ಅಲ್ಲಿ ಆಡುತ್ತಿದ್ದವನೇ ಎಡಗಾಲು ಯರ್ರಪ್ಪ. ನಮಗೆಲ್ಲ ಯರ್ರಪ್ಪಣ್ಣ. ಊರು ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿ. ಮನೆಯಲ್ಲಿ ತೆಲುಗು, ಗಣಿಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ. ನೆಲದಡಿ ಪಾಳಿ ಮುಗಿಸಿ, ಮೈತೊಳೆದು, ಮೈದಾನಕ್ಕಿಳಿದನೆಂದರೆ ಚೆಂಡು ಅವನ ಎಡಗಾಲನ್ನು ಸಾಕಿದ ನಾಯಿಯ ಹಾಗೆ ಹಿಂಬಾಲಿಸುತ್ತಿತ್ತು. ಹೀಗೆಂದು ಜನ ಹೇಳುತ್ತಿದ್ದರು. ನನಗೆ ಇವತ್ತಿಗೂ ಆಫ್‌ಸೈಡ್ ಅಂದರೇನೆಂದು ಗೊತ್ತಿಲ್ಲವಾದ್ದರಿಂದ ನನ್ನ ಸಾಕ್ಷಿ ನಡೆಯದು. ಅವನು ಸೈಕಲ್ಲಿನಲ್ಲಿ ಹೋಗುತ್ತಿದ್ದರೆ ಬಸ್ಸು ನಿಲ್ಲಿಸಿ ದಾರಿ ಬಿಡುತ್ತಿದ್ದ ಡ್ರೈವರುಗಳನ್ನು ಮಾತ್ರ ನಾನೇ ಕಂಡಿದ್ದೇನೆ.

ಅಪ್ಪ ತೆಗೆದ ಒಂದು ಫೋಟೋ ಆಗ ಬಹಳ ಹೆಸರಾಯಿತು. ಯರ್ರಪ್ಪಣ್ಣ ಗಾಳಿಯಲ್ಲಿದ್ದಾನೆ, ಎಡಗಾಲು ಸೊಂಟದೆತ್ತರ ಎದ್ದಿದೆ, ಚೆಂಡು ಆಗಷ್ಟೇ ಬಿಟ್ಟುಹೋಗಿದೆ, ಹಿಂದೆ ಚಿನ್ನ ತೆಗೆದುಳಿದ ಗಣಿಮಣ್ಣಿನ ಸೈನೈಡ್ ದಿಬ್ಬ. ಅದರ ಪ್ರತಿಗಾಗಿ ಜನ ಸ್ಟುಡಿಯೋ ಮುಂದೆ ಸಾಲು ನಿಂತರು. ಫೋಟೋ ಸಿಕ್ಕಿದ ಮೇಲೆ ಅದರ ಮೇಲೆ ಅವನ ಸಹಿಯೂ ಬೇಕು ಎಂದರು. ಕೆಜಿಎಫ್‌ನವರು ಏನನ್ನೂ ಅರ್ಧಕ್ಕೆ ಬಿಡುವವರಲ್ಲ.

ಆದರೆ ಯರ್ರಪ್ಪಣ್ಣ ಸಹಿ ಹಾಕುತ್ತಿರಲಿಲ್ಲ. ಸನ್ಮಾನಕ್ಕೆ ಕರೆದರೆ ಬಲಗೈಗೆ ಬಿಳಿ ಬಟ್ಟೆ ಸುತ್ತಿಕೊಂಡು ಬರುತ್ತಿದ್ದ. ಬಂಡೆ ಬಿತ್ತು, ಬೆರಳು ಸಿಕ್ಕಿಕೊಂಡಿತು ಎಂದು ಏನಾದರೊಂದು ಹೇಳುತ್ತಿದ್ದ. ಗಣಿಯ ಕೆಲಸವಲ್ಲವೇ, ಜನ ನಂಬುತ್ತಿದ್ದರು, ಮರುಗುತ್ತಿದ್ದರು. ತಂಡದ ನಾಯಕನಾಗು ಎಂದಾಗಲೂ ಒಲ್ಲೆನೆಂದ. ಮುಂದಿನ ವರ್ಷ ಕೇಳಿದರೂ ಅದೇ ಉತ್ತರ. ಎಂಥ ವಿನಯ, ಎಷ್ಟು ದೊಡ್ಡ ಮನುಷ್ಯ ಎಂದು ಊರೆಲ್ಲ ಹೊಗಳಿತು.

ಅಮ್ಮ ಮಾತ್ರ ಹೊಗಳಲಿಲ್ಲ. ಅವಳು ಕುಂಚ ಹಿಡಿದು ಒಂದೊಂದು ಫೋಟೋವನ್ನೂ ಕಣ್ಣಿಗೆ ಒತ್ತಿಕೊಂಡಂತೆ ನೋಡುವವಳು. ಸನ್ಮಾನದ ಫೋಟೋದಲ್ಲಿ ಕೈಗೆ ಕಟ್ಟು. ಮರುದಿನ ಮೈದಾನದಲ್ಲಿ ತೆಗೆದ ಫೋಟೋದಲ್ಲಿ ಅದೇ ಕೈ ಮುಷ್ಟಿ ಬಿಗಿದು ಗಾಳಿಯಲ್ಲಿದೆ, ಒಂದು ತರಚು ಗಾಯವೂ ಇಲ್ಲ. ಅಮ್ಮ ಇದನ್ನು ಅಪ್ಪನಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಯರ್ರಪ್ಪಣ್ಣ ಯಾವುದೋ ಪಾಸಿಗೆ ಫೋಟೋ ಬೇಕೆಂದು ಬಂದ. ಅಪ್ಪ ಕತ್ತಲೆಕೋಣೆಯಲ್ಲಿದ್ದ. ನಾನು ಮೂಲೆಯಲ್ಲಿ ಕಾಪಿ ಬರೆಯುತ್ತಿದ್ದೆ. ಅಮ್ಮ ಕಾಫಿ ತಂದು ಅವನ ಮುಂದಿಟ್ಟಳು.

"ಯರ್ರಪ್ಪ, ಕೈ ವಾಸಿಯಾಯ್ತಾ?" ಎಂದಳು.

"ಆಯ್ತಕ್ಕ."

"ಮುಂದಿನ ವಾರ ಮತ್ತೆ ಸನ್ಮಾನ ಅಂತೆ. ಆಗ ಮತ್ತೆ ನೋವು ಬರುತ್ತೇನೋ."

ಅವನು ಲೋಟ ಕೆಳಗಿಟ್ಟ. ಎದುರಾಳಿ ತಂಡ ಪೂರ್ತಿ ಮೇಲೆ ಬಿದ್ದರೂ ಅಲುಗದವನ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

"ನಮ್ಮಪ್ಪ ಇಸ್ಕೂಲ್‌ಗೆ ಕಳಿಸ್ಲಿಲ್ಲಕ್ಕ. ಎಮ್ಮೆ ಕಾಯಾಕೆ ಓಗ್ತಿದ್ದೆ. ಸಂಬಳದ ದಿನ ಎಬ್ಬೆಟ್ಟು ಒತ್ತಿದ್ರೆ ಯಾರೂ ಕೇಳಾಕಿಲ್ಲ, ಅಲ್ಲಿ ಎಲ್ಲಾರದೂ ಎಬ್ಬೆಟ್ಟೇ. ಆದ್ರೆ ಪೋಟೋ ಮೇಲೆ ಎಂಗೆ ಒತ್ತಲಿ? ಮಕಾನೇ ಮಸಿ ಆಗೋಯ್ತದೆ."

"ನಾಯಕ ಆಗಲ್ಲ ಅಂದಿದ್ದೂ ಇದಕ್ಕೇನಾ?"

"ಆಟಕ್ಕೆ ಮುಂಚೆ ಮೇಜಿನ ತಾವ ಓಗಿ ತಂಡದ ಎಸರುಗಳ ಕೆಳ್ಗೆ ಕ್ಯಾಪ್ಟನ್ನು ಸೈನ್ ಆಕ್ಬೇಕಕ್ಕ. ಬೆಂಗ್ಳೂರೋರು ಎದ್ರಿಗೇ ನಿಂತಿರ್ತಾರೆ. ಅವ್ರ ಮುಂದೆ ಎಬ್ಬೆಟ್ಟು ಒತ್ತಿ ಆಮೇಲೆ ಆಡೋದೆಂಗೆ? ಕಾಲೇ ಏಳಾಕಿಲ್ಲ."

ಅಮ್ಮ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು, ಕೆಟ್ಟುಹೋದ ಫೋಟೋ ಒಂದನ್ನು ಬೆನ್ನು ಮೇಲಾಗಿ ತಿರುಗಿಸಿದಳು. "ನಾಳೆಯಿಂದ ಪಾಳಿ ಮುಗಿಸಿ ರೈಲಿಗೆ ಬಾ. ಟಚಿಂಗ್ ಕೋಣೆಗೆ ಯಾರೂ ಬರಲ್ಲ," ಎಂದಳು. ಆಮೇಲೆ ಅವನ ಹೆಸರನ್ನು ದೊಡ್ಡದಾಗಿ ಬರೆದು ತಾನೇ ಒಮ್ಮೆ ನೋಡಿ ನಿಟ್ಟುಸಿರಿಟ್ಟಳು. "ನಿಮ್ಮಪ್ಪ ಸ್ಕೂಲಿಗೆ ಕಳಿಸದಿದ್ದರೆ ಹೋಗಲಿ, ಇಂಥ ಹೆಸರು ಯಾಕಿಟ್ಟ? ಇರೋ ಮೂರು ಅಕ್ಷರದಲ್ಲಿ ಎರಡಕ್ಕೆ ಒತ್ತು."

ಅವನು ಬಂದ. ಆ ದೊಡ್ಡ ಕೈಯಲ್ಲಿ ಪೆನ್ಸಿಲ್ಲು ಬೆಂಕಿಕಡ್ಡಿಯ ಹಾಗೆ ಕಾಣುತ್ತಿತ್ತು, ಮುರಿಯುತ್ತಲೂ ಇತ್ತು. 'ಯ' ಹೇಗೋ ಬಂತು. 'ರ' ಸಲೀಸಾಗಿ ಬಂತು. ಒತ್ತಕ್ಷರಗಳು ಮಾತ್ರ ಮಾತು ಕೇಳಲಿಲ್ಲ. ಒಂದು ದಿನ ಅಕ್ಷರದ ಪಕ್ಕಕ್ಕೆ ಹೋಗುತ್ತಿದ್ದವು, ಇನ್ನೊಂದು ದಿನ ಕೆಳಗಿನ ಸಾಲಿಗೇ ಇಳಿಯುತ್ತಿದ್ದವು. ಯರ್ರಪ್ಪಣ್ಣ ಬೆವರು ಒರೆಸಿಕೊಂಡು, "ಬಿಟ್ಬಿಡಕ್ಕ, ಇದು ನನ್ ಕೈಲಾಗಾಕಿಲ್ಲ," ಎಂದ.

ಅಮ್ಮ ಸ್ವಲ್ಪ ಯೋಚಿಸಿ ಆ ಹೆಸರಾದ ಫೋಟೋವನ್ನೇ ಅವನ ಮುಂದಿಟ್ಟಳು. "ನೋಡು, 'ಪ' ಅನ್ನೋದು ನೀನು. ಕೆಳಗಿರೋ ಒತ್ತು ಚೆಂಡು. ಆಡುವಾಗ ಚೆಂಡನ್ನ ಎಲ್ಲಿಟ್ಟುಕೊಳ್ತೀಯಾ?"

"ಕಾಲತ್ರಾನೇ."

"ಹಾಗಾದರೆ ಇಲ್ಲಿ ಯಾಕೆ ಅದನ್ನ ಬೇರೆಯವರಿಗೆ ಬಿಟ್ಟುಕೊಡ್ತಿದೀಯಾ?"

ಯರ್ರಪ್ಪಣ್ಣ ನಗತೊಡಗಿದ. ಅಮ್ಮನೂ ನಕ್ಕಳು. ಅವತ್ತು ಸಂಜೆ ಹೊತ್ತಿಗೆ ಎರಡು ಒತ್ತುಗಳೂ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಪೂರ್ತಿ ನೆಟ್ಟಗಲ್ಲ, ಸೊಟ್ಟಗೇ. ಆದರೆ ಯಾರು ಓದಿದರೂ ಯರ್ರಪ್ಪ ಎಂದೇ ಓದಬೇಕು, ಹಾಗೆ.

ಇಲ್ಲಿ ನನ್ನದೊಂದು ಮಾತು. ನಾನು ಹೈಸ್ಕೂಲ್ ಮೇಡಂ. ದಿನಕ್ಕೆ ಹತ್ತಾರು ಕಡೆ ಸಹಿ ಹಾಕುತ್ತೇನೆ. ನನ್ನ ಸಹಿ ಮಳೆಯಲ್ಲಿ ನೆಂದ ಜೇಡರಬಲೆಯ ಹಾಗಿರುತ್ತದೆ, ಬ್ಯಾಂಕಿನವರು ಇನ್ನೊಮ್ಮೆ ಹಾಕಿ ಎಂದರೆ ನನಗೇ ಅದು ಮತ್ತೆ ಬರುವುದಿಲ್ಲ. ಹೆಸರು ಬರೆಯುವುದು ಹಬ್ಬ ಮಾಡುವಂಥ ಸಂಗತಿ ಎಂದು ನನಗೆ ಯಾವತ್ತೂ ಅನ್ನಿಸಿದ್ದಿಲ್ಲ. ಆ ಸಂಜೆ ಯರ್ರಪ್ಪಣ್ಣ ಮಾತ್ರ ತನ್ನ ಹೆಸರನ್ನು ದೀಪದ ಹತ್ತಿರ ಹಿಡಿದು, ದೂರ ಹಿಡಿದು, ತಲೆ ವಾಲಿಸಿ ನೋಡಿದ. ಆಗ ತಾನೇ ಹುಟ್ಟಿದ ಮಗುವನ್ನು ನೋಡುವ ಅಪ್ಪಂದಿರ ಮುಖದಲ್ಲಿ ಆ ನೋಟವನ್ನು ಮುಂದೆ ಎಷ್ಟೋ ಸಲ ಕಂಡಿದ್ದೇನೆ.

ಆ ವರ್ಷ ನಾಯಕನಾಗು ಎಂದಾಗ ಅವನು ಆಗಲಿ ಎಂದುಬಿಟ್ಟ. ಕೇಳಿದವರೇ ಬೆಚ್ಚಿದರು.

ಕಪ್ಪಿನ ಫೈನಲ್ ಬೆಂಗಳೂರಿನ ಒಂದು ತಂಡದ ಮೇಲೆ, ನಮ್ಮ ಮೈಸೂರು ಮೈನ್ಸ್‌ನ ಮೈದಾನದಲ್ಲೇ. ಅಲ್ಲಿಯವರೆಗೆ ಆಟ ನೋಡಲು ಒಮ್ಮೆಯೂ ಹೋಗದ ಅಮ್ಮ ಅವತ್ತು ಬೆಳಗ್ಗೆಯೇ ತಲೆಸ್ನಾನ ಮಾಡಿ, ಮದುವೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟು ರೈಲು ಹತ್ತಿದಳು. ಮೈದಾನದ ಸುತ್ತ ಜನವೋ ಜನ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಯರ್ರಪ್ಪನ ಹೆಸರೇ. ಅಮ್ಮ ಜನರನ್ನು ಸರಿಸಿಕೊಂಡು ಗೆರೆಯ ಬಳಿಯ ಮೇಜು ಕಾಣುವ ಕಡೆ ಹೋಗಿ ನಿಂತಳು. "ಇಲ್ಲಿಂದ ಗೋಲು ಕಾಣಿಸಲ್ಲಮ್ಮ," ಎಂದೆ. "ನಾನು ಗೋಲು ನೋಡೋಕೆ ಬಂದಿಲ್ಲ," ಎಂದಳು.

ಎರಡೂ ತಂಡದ ನಾಯಕರು ಮೇಜಿನ ಹತ್ತಿರ ಬಂದರು. ಬೆಂಗಳೂರಿನವನು ಸರ್ರನೆ ಗೀಚಿ ಪೆನ್ನು ಮುಂದೆ ಚಾಚಿದ. ಯರ್ರಪ್ಪಣ್ಣನ ಕೈಗೆ ಅವತ್ತು ಕಟ್ಟು ಇರಲಿಲ್ಲ. ಅವನು ಬಗ್ಗಿದ. ಎಷ್ಟು ಹೊತ್ತು ಬಗ್ಗಿದ್ದ ಎಂದರೆ ರೆಫ್ರಿ ಗಡಿಯಾರ ನೋಡಿಕೊಂಡ. ಪಕ್ಕದಲ್ಲಿದ್ದ ಅಮ್ಮನ ಬೆರಳು ಸೆರಗಿನ ಅಂಚಿನ ಮೇಲೆ ಏನನ್ನೋ ಬರೆಯುತ್ತಿತ್ತು. ಆಮೇಲೆ ಅವನು ನೆಟ್ಟಗಾದ, ಪೆನ್ನಿಗೆ ಕ್ಯಾಪು ಹಾಕಿದ, ಜನದ ಕಡೆ ತಿರುಗಿ ಅಮ್ಮನನ್ನು ಹುಡುಕಿ ಸುಮ್ಮನೆ ತಲೆಯಾಡಿಸಿದ. ಅಮ್ಮ ಅಳುತ್ತಿದ್ದಳು. ಆಟ ಇನ್ನೂ ಶುರುವೇ ಆಗಿರಲಿಲ್ಲ. ಪಕ್ಕದ ಹೆಂಗಸೊಬ್ಬಳು, "ಯಾಕಮ್ಮ, ಈಗ್ಲೇ ಅಳ್ತೀರಾ, ನಮ್ಮೋರು ಗೆಲ್ತಾರೆ ಬಿಡಿ," ಎಂದು ಸಮಾಧಾನ ಹೇಳಿದಳು.

ಗೆದ್ದರು. ಆಟ ಮುಗಿಯುವ ಹೊತ್ತಿಗೆ ಯರ್ರಪ್ಪಣ್ಣನ ಎಡಗಾಲಿನಿಂದ ಗೋಲು ಬಂತಂತೆ. ನಾನು ನೋಡಲಿಲ್ಲ. ಮುಂದಿದ್ದವರೆಲ್ಲ ಎದ್ದುನಿಂತರು, ನನಗೆ ಕಂಡದ್ದು ಯಾರದೋ ಬೆನ್ನು ಮತ್ತು ಗಾಳಿಯಲ್ಲಿ ಹಾರುವ ಟವೆಲ್ಲುಗಳು. ಆದರೆ ಆ ಸದ್ದು ಕೇಳಿದೆ. ಸೈನೈಡ್ ದಿಬ್ಬಕ್ಕೆ ಬಡಿದು ವಾಪಸು ಬಂದ ಆ ಸದ್ದು ಈಗಲೂ ಕೆಲವು ಸಲ ಎದೆಯೊಳಗೆ ಏಳುತ್ತದೆ.

ಮಾರನೆಯ ದಿನದಿಂದ ಅವನು ನಮ್ಮ ಸ್ಟುಡಿಯೋ ಮುಂದೆ ಸ್ಟೂಲು ಹಾಕಿಕೊಂಡು ಕೂತು ಸಹಿ ಹಾಕಿದ. ಕೇಳಿದವರಿಗೆಲ್ಲ ಹಾಕಿದ, ಕೇಳದವರನ್ನು ಕರೆದೂ ಹಾಕಿದ.

ಇಷ್ಟೆಲ್ಲ ವಿನೆಗರಿನ ಘಾಟಿನಲ್ಲಿ ನೆನಪಾಯಿತಲ್ಲ, ಅದರ ಮಾರನೆಯ ದಿನವೇ ಕಿರಣ್ ಎಂಬ ಹುಡುಗ ಬೆಂಗಳೂರಿನಿಂದ ಫೋನು ಮಾಡಿದ. ಹಳೆಯ ಆಟಗಾರರ ಸಹಿಯಿರುವ ಫೋಟೋ ಸಂಗ್ರಹಿಸುವುದು ಅವನ ಹುಚ್ಚು. ಅವುಗಳ ಬೆನ್ನಿಗಿದ್ದ ನಮ್ಮ ಸ್ಟುಡಿಯೋದ ಮೊಹರು ನೋಡಿ ನನ್ನನ್ನು ಪತ್ತೆ ಮಾಡಿದ್ದ. ಯರ್ರಪ್ಪನವರ ಫೋಟೋಗಳು ಅವನ ಬಳಿ ಎರಡು ಆಲ್ಬಮ್ಮಿನಷ್ಟಿವೆ, ಆದರೆ ಕೆಲವು ಸಹಿಗಳು ಸೊಟ್ಟಗಿವೆ, ಅವು ನಕಲಿ ಎಂದು ಅವನ ಅನುಮಾನ. "ಅನುಮಾನ ಯಾಕೆ, ಅವರನ್ನೇ ಕೇಳೋಣ ಬನ್ನಿ," ಎಂದು ಅವನನ್ನು ಬರಹೇಳಿ, ಬಂದಾಗ ಕ್ಯಾಸಂಬಳ್ಳಿಯ ಕಡೆಗೆ ಕರೆದುಕೊಂಡು ಹೋದೆ.

ಗಣಿ ಮುಚ್ಚಿದ ಮೇಲೆ ಯರ್ರಪ್ಪಣ್ಣ ಊರಿಗೆ ಮರಳಿ ಹಸು ಕಟ್ಟಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ, ನಡಿಗೆ ಮಾತ್ರ ಹಾಗೇ ಇದೆ. ಕಿರಣ್ ಸೊಟ್ಟ ಸಹಿಯ ಫೋಟೋಗಳನ್ನು ಬೇರೆಯಾಗಿ ಜಗಲಿಯ ಮೇಲೆ ಹರಡಿದ. ಯರ್ರಪ್ಪಣ್ಣ ಒಂದೊಂದನ್ನೇ ಎತ್ತಿ ನೋಡಿದ.

"ಎಲ್ಲಾ ನಂದೇ ಕಣಪ್ಪ. ಇವೇ ಮೊದಲ್ನೇವು. ನಂಗೆ ಬರಿಯಾಕೆ ಬತ್ತಿರ್ಲಿಲ್ಲ. ಇವ್ರಮ್ಮ ಕಲಿಸಿದ್ರು," ಎಂದ. ಒಂದು ಕಾಲದಲ್ಲಿ ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದನ್ನು ಈಗ ಬೀದಿಗೆಲ್ಲ ಕೇಳುವ ಹಾಗೆ, ಗೋಲಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದ. ಕಿರಣ್ ಆ ಫೋಟೋಗಳನ್ನು ಮತ್ತೆ ಎತ್ತಿಕೊಳ್ಳುವಾಗ ಎರಡೂ ಕೈಯಲ್ಲಿ ಎತ್ತಿಕೊಂಡ. ನಾನು ನಮ್ಮಮ್ಮನ ಹೆಮ್ಮೆಯನ್ನೆಲ್ಲ ನನ್ನದೇ ಮಾಡಿಕೊಂಡು ಬೀಗುತ್ತಾ ಕೂತಿದ್ದೆ.

"ಇವತ್ತಿನದೊಂದು ಸಹಿ ಕೊಡಿ ಸಾರ್," ಎಂದು ಕಿರಣ್ ಹೊಸ ಪ್ರತಿಯೊಂದನ್ನು ಚಾಚಿದ. ಯರ್ರಪ್ಪಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಾಕಿದ. ಆಮೇಲೆ ಪೆನ್ನನ್ನು ವಾಪಸು ಕೊಡದೆ ಒಳಗೆ ನೋಡಿ, "ಇವ್ಳೇ, ಇಲ್ ಬಾ ಒಸಿ," ಎಂದು ಹೆಂಡತಿ ಲಕ್ಷ್ಮಕ್ಕನನ್ನು ಕರೆದ. ಸೆಗಣಿ ಕೈ ತೊಳೆದುಕೊಂಡು ಬಂದ ಆಕೆ ಅವನ ಸಹಿಯ ಕೆಳಗೆ, ಒಂದು ಕ್ಷಣವೂ ತಡವರಿಸದೆ, ಮುತ್ತು ಪೋಣಿಸಿದಂತೆ ತಮ್ಮ ಹೆಸರು ಬರೆದರು. ಕಿರಣ್ ನನ್ನ ಮುಖ ನೋಡಿದ.

"ಡೇರಿಗೆ ಆಲು ಆಕಾಕೆ ಶುರು ಮಾಡ್ದಾಗ ನಾನೇ ಕಲಿಸ್ದೆ ಇವ್ಳಿಗೆ," ಎಂದ ಯರ್ರಪ್ಪಣ್ಣ. "ಈಗ ನಂಗಿಂತ ಚೆಂದ ಬರೀತಾಳೆ. ಎಂಗಸ್ರ ಆಲಿನ ಸಂಘದ ಅಧ್ಯಕ್ಷೆ."

"ನಾನು ಮಿಕ್ಕೋರ್ಗೆ ಕಲಿಸ್ದೆ," ಎಂದರು ಲಕ್ಷ್ಮಕ್ಕ, ಅದೇನು ದೊಡ್ಡ ವಿಷಯ ಎನ್ನುವ ಹಾಗೆ. "ಮೀಟಿಂಗ್ ಆದಾಗೆಲ್ಲಾ ಒಬ್ಬೊಬ್ರಿಗೆ. ನಮ್ ಸಂಘದಾಗೆ ಮಸಿ ಡಬ್ಬಿ ಒಣಗೋಗಿ ಯಾವ ಕಾಲ ಆಯ್ತೋ."

ಬೀಗುತ್ತಿದ್ದ ನನ್ನ ಜಂಬ ಇಳಿಯಿತು. ಅಮ್ಮ ಒಬ್ಬ ಆಟಗಾರನ ಮಾನ ಉಳಿಸಿದಳು ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದೆ. ಆ ಹಳ್ಳಿಯ ಅಷ್ಟೂ ಹೆಂಗಸರ ಹೆಸರುಗಳು ಅವಳ ಟಚಿಂಗ್ ಕೋಣೆಯಿಂದ ಹೊರಟು ಬಂದವು ಎಂದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಅಮ್ಮ ಈಗ ನನ್ನ ಜೊತೆಗೇ ಇದ್ದಾಳೆ. ಕಣ್ಣಿನ ಆಪರೇಷನ್ ಆದ ಮೇಲೆ ಹೊಸ್ತಿಲು ದಾಟಿದ್ದು ಕಡಿಮೆ. ಸಂಜೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿದಳು. ಬೆಳಗ್ಗೆ ನಾನು ಏಳುವಷ್ಟರಲ್ಲಿ ಸ್ನಾನ ಮುಗಿಸಿ, ಹೊಸ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಳು.

"ಎಲ್ಲಿಗಮ್ಮ?"

"ಕ್ಯಾಸಂಬಳ್ಳಿ ಬಸ್ಸು ಎಷ್ಟೊತ್ತಿಗೆ ಕೇಳು. ಆ ಲಕ್ಷ್ಮಕ್ಕ ಬರೆಯೋದನ್ನ ನೋಡಬೇಕು ನಾನು."

ಸ್ಕೂಲಿಗೆ ರಜೆ ಹಾಕಿದೆ. ರಜೆ ಅರ್ಜಿಯ ಕೆಳಗೆ, ಕೆಲಸಕ್ಕೆ ಸೇರಿದಾಗಿನಿಂದ ಮೊದಲ ಬಾರಿಗೆ, ನನ್ನ ಹೆಸರನ್ನು ಪೂರ್ತಿಯಾಗಿ, ಬಿಡಿಸಿ, ಯಾರು ಬೇಕಾದರೂ ಓದುವ ಹಾಗೆ ಬರೆದೆ. ಆಮೇಲೆ ಅಮ್ಮನ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ. ಅವಳೇ ನನಗಿಂತ ಮುಂದೆ ನಡೆಯುತ್ತಿದ್ದಳು.