ಸೇಂದಿಯೊಳಗಿನ ಬಳಗ

ಹೋದ ಭಾನುವಾರ ಹೆಣ್ಣು ನೋಡಲು ಜವಳಗೇರಾಕ್ಕೆ ಹೋಗಿದ್ದೆ. ಹುಡುಗಿ ಚಹಾ ತರುವ ಮೊದಲೇ ಸಂಬಂಧ ಮುರಿಯುವ ಹಂತಕ್ಕೆ ಬಂತು. ಕಾರಣ? ಯೀಸ್ಟ್!

(ನಗಬೇಡಿ. ಮೂವತ್ತು ದಾಟಿದ ಬಯಾಲಜಿ ಲೆಕ್ಚರರ್‌ಗೆ ಸಿಂಧನೂರಿನ ಸುತ್ತ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದು ಲಿಂಗಸುಗೂರಿನ ನನ್ನ ಸೋದರಮಾವನನ್ನು ಕೇಳಿ. ಇದು ತಾವು ಹುಡುಕುವ ಕೊನೆಯ ಸಂಬಂಧವೆಂದು ಬಸ್ಸಿನಲ್ಲೇ ಹೇಳಿದ್ದರು.)

ಮಂಡಾಳು ಒಗ್ಗರಣೆ, ಮಿರ್ಚಿ ಬಂದವು. ಹುಡುಗಿಯ ಅಜ್ಜ ಕೇಳಿದರು, "ಕಾಲೇಜ್‌ನ್ಯಾಗ ಏನ್ ಹೇಳಿಕೊಡ್ತೀರಿ?"

"ಸೈನ್ಸ್ ರೀ" ಎಂದು ಸುಮ್ಮನಾಗಬಹುದಿತ್ತು. ಆದರೆ ಆ ವಾರ ಓದಿದ್ದು ತಲೆಯಲ್ಲಿ ಕುದಿಯುತ್ತಿತ್ತಲ್ಲ! ವಿಜ್ಞಾನಿಗಳು ಯೀಸ್ಟಿನ ಜೀನುಗಳನ್ನೆಲ್ಲ ಓದಿ ಮುಗಿಸಿ, ಮನುಷ್ಯನ ಜೀನುಗಳ ಪಕ್ಕ ಇಟ್ಟು ಹೋಲಿಸುತ್ತಿದ್ದಾರೆ. ಒಂದು ಜೀವಕೋಶ ಎರಡಾಗಬೇಕಲ್ಲ, ಅದನ್ನು ನಡೆಸುವ ಒಂದು ಜೀನ್ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ. ಯೀಸ್ಟಿನದು ಕೆಟ್ಟರೆ ಮನುಷ್ಯನದನ್ನು ಹಾಕಿ ಕೆಲಸ ನಡೆಸಬಹುದು. ಟ್ರ್ಯಾಕ್ಟರಿನ ಸಾಮಾನು ನೀರಿನ ಪಂಪಿಗೆ ಕೂತಂತೆ! ಇದನ್ನು ಹೇಳದೆ ಹೇಗಿರಲಿ?

"ಯೀಸ್ಟ್ ಅಂದ್ರ?" ಎಂದರು ಅಜ್ಜ.

"ಸೇಂದಿಗೆ ನಶಾ ಬರಸ್ತದಲ್ರೀ, ಆ ಜೀವಿ."

ಸೋದರಮಾವ ತೊಡೆ ಚಿವುಟಿದರು. ನಾನೆಲ್ಲಿ ನಿಲ್ಲುತ್ತೇನೆ? ಎಲ್ಲ ಜೀವಿಗಳ ಮೂಲ ಒಂದೇ ಎಂಬುದನ್ನು ಊರ ಮಾತಿನಲ್ಲಿ ಹೇಳುವ ಹುಮ್ಮಸ್ಸು ಬೇರೆ. "ಅದೂ ನಾವೂ ಒಂದಾ ಬೆಡಗು, ಅಜ್ಜಾರ. ಇಲಿ, ಭತ್ತ, ನೀವು, ನಾವು, ಎಲ್ಲಾ ಒಂದಾ ಬೆಡಗು!"

ಅಜ್ಜ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ವಾಪಸ್ ಇಟ್ಟರು. ಬೆಡಗು ಒಂದೇ ಎಂದರೆ ಅಣ್ಣತಮ್ಮಂದಿರ ಕುಲ. ಹೆಣ್ಣು ಕೊಟ್ಟು ತರುವ ಮಾತೇ ಇಲ್ಲ.

"ಹಂಗಾರ ನೀವು ನನ್ನ ಮೊಮ್ಮಗಳಿಗೆ ಅಣ್ಣ ಆದ್ರಿ" ಎಂದರು ಅಜ್ಜ. "ಊಟ ಮಾಡ್ಕೊಂಡು ಹೋಗ್ರಿ."

ನಮ್ಮಲ್ಲಿ ಸಂಬಂಧ ಬೆಳೆಸಬೇಕಾದರೆ ಮೊದಲು ಸಂಬಂಧವಿಲ್ಲವೆಂದು ಸಾಬೀತು ಮಾಡಬೇಕು. ನಾನೋ, ಉಲ್ಟಾ ಸಾಬೀತು ಮಾಡಿ ಕೂತಿದ್ದೆ.

ಅಷ್ಟರಲ್ಲಿ ಚಹಾ ಹಿಡಿದು ಹುಡುಗಿ ಬಂದಳು. ಮಸ್ಕಿಯ ಶಾಲೆಯಲ್ಲಿ ಟೀಚರ್. ನಗು ತಡೆದುಕೊಂಡೇ ಅಂದಳು, "ಯಜ್ಜಾ, ಅಣ್ಣತಮ್ಮರು ಪಾಲಾಗಿ ಭಾಳ ತಲಿಮಾರು ಹ್ವಾದ್ರ ಬ್ಯಾರೆ ಬೆಡಗು ಆಗಂಗಿಲ್ಲೇನು? ಅವರು ಹೇಳಾಕತ್ತಿದ್ದು ಅದಾ. ಮೂಲ ಒಂದು, ಈಗ ಬ್ಯಾರೆ ಬ್ಯಾರೆ."

ಅಜ್ಜ ನನ್ನತ್ತ ತಿರುಗಿದರು. "ಪಾಲಾಗಿ ಎಷ್ಟು ತಲಿ ಆತ್ರೀ?"

"ಎಣಸಾಕ ಆಗಂಗಿಲ್ರೀ."

"ಹಂಗಾರ ನಡೀತೈತಿ."

ನನಗಂತೂ ಆ ಕ್ಷಣಕ್ಕೇ ಅವಳ ಮೇಲೆ ಮನಸ್ಸಾಯಿತು. ಚಹಾ ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ಮೊನ್ನೆ ಸೋದರಮಾವ ಸುದ್ದಿ ತಂದರು. ಹುಡುಗಿ ಒಪ್ಪಿದ್ದಾಳೆ! ಅಜ್ಜನದು ಒಂದೇ ಶರತ್ತು: "ಮದಿವಿಗೆ ಬಳಗ ಎಲ್ಲಾ ಬರಲಿ. ಸೇಂದಿಯಾಗಿನವರು ಮಾತ್ರ ಬರೂದು ಬ್ಯಾಡ."

ಯೀಸ್ಟ್ ನಮ್ಮೆಲ್ಲರ ಹೊಟ್ಟೆಯಲ್ಲೂ ಇರುತ್ತದೆ ಎಂದು ಅವರಿಗೆ ಈಗಲೇ ಹೇಳಲೇ, ತಾಳಿ ಕಟ್ಟಿದ ಮೇಲೆ ಹೇಳಲೇ?