ನೀರುನಾಯಿ ನಿನ್ನೆ ಏನುಂಡಿತು?

ಬಾಬುರಾಯನಕೊಪ್ಪಲಿನ ಹೊಳೆದಂಡೆಯಲ್ಲಿ ಮಂಜು ಇನ್ನೂ ಕರಗಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಚಿಕ್ಕಬೋರಮ್ಮ ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಕಡ್ಡಿಯಿಂದ ಕಪ್ಪಗಿನದೇನನ್ನೋ ಮುತ್ತುಗದೆಲೆಗೆ ಎತ್ತಿಕೊಳ್ಳುತ್ತಿದ್ದಾರೆ. 'ಈಗ್ ತಾನೆ ಆಕವೆ ಸಾ, ಇನ್ನೂ ಹಸೀದು' ಎಂದು ಎಲೆಯನ್ನು ನನ್ನ ಮೂಗಿನ ಹತ್ತಿರಕ್ಕೇ ತರುತ್ತಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು, ಕಾಫಿಯನ್ನೂ ಕುಡಿಯದೆ ಮೈಸೂರಿನಿಂದ ಮೊದಲ ಬಸ್ಸು ಹತ್ತಿ ಬಂದವನು ನಾನು. ಥಟ್ಟನೆ ಹಿಂದೆ ಸರಿಯುತ್ತೇನೆ.

'ಅಯ್ಯೋ, ಮೀನಿನ್ ವಾಸ್ನೆ ಅಷ್ಟೇಯ! ಎದ್ರುಕಬ್ಯಾಡಿ' ಎಂದು ಆಕೆ ಹೊಳೆಯೇ ಎಚ್ಚರಗೊಳ್ಳುವಂತೆ ನಗುತ್ತಾರೆ.

ಅದು ನೀರುನಾಯಿಯ ಹಿಕ್ಕೆ. ಕಾವೇರಿಯ ಈ ಭಾಗದ ನೀರುನಾಯಿಗಳು ಎಲ್ಲಿ ಇರುತ್ತವೆ, ಏನು ತಿನ್ನುತ್ತವೆ ಎಂದು ದಾಖಲಿಸಲು ಸ್ಮೃತಿ ಎಂಬ ಸಂಶೋಧಕಿ ೧೯೯೫ರಿಂದ ಇಲ್ಲಿ ಓಡಾಡುತ್ತಿದ್ದಾರೆ. ಪ್ರಾಣಿಯನ್ನು ಹಿಡಿದು ಹೊಟ್ಟೆ ಬಗೆದು ನೋಡುವಂತಿಲ್ಲವಲ್ಲ, ಹಿಕ್ಕೆಯೇ ಗತಿ. ಅದನ್ನು ಹೆಕ್ಕಿ, ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ತೊಳೆದು, ಒಣಗಿಸಿ, ಮೊರದಲ್ಲಿ ರಾಗಿ ಕೇರಿದಂತೆ ಕೇರಿ, ಮೀನಿನ ಪೊರೆ, ಮುಳ್ಳು, ಏಡಿಯ ಚಿಪ್ಪು ಬೇರೆ ಬೇರೆ ಮಾಡಿಕೊಡುವವರು ಚಿಕ್ಕಬೋರಮ್ಮ. ಆಮೇಲೆ ಸ್ಮೃತಿ ಅವನ್ನು ಭೂತಗನ್ನಡಿಯಲ್ಲಿ ನೋಡಿ ಯಾವ ಮೀನು ಎಂದು ಗುರುತಿಸುತ್ತಾರೆ. 'ಇವರಿಲ್ಲದಿದ್ದರೆ ನನ್ನ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು' ಎನ್ನುವುದು ಅವರ ಮಾತು.

ಚಿಕ್ಕಬೋರಮ್ಮನಿಗೆ ಬೆಳಗಿನ ಜಾವಕ್ಕೇ ಎದ್ದು ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಆಮೇಲೆ ಈ ಕೆಲಸ. ಗಂಡ ಪಾಂಡವಪುರದ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಾರೆ. ಮೊದಮೊದಲು ಡೇರಿಯ ಸಾಲಿನಲ್ಲಿ ಹೆಂಗಸರು ದೂರ ನಿಲ್ಲುತ್ತಿದ್ದರಂತೆ, 'ಇಕ್ಕೆ ಬೋರಮ್ಮ' ಎಂಬ ಬಿರುದೂ ಸಿಕ್ಕಿತಂತೆ. 'ಅನ್ಕಳ್ಳಿ ಬುಡಿ. ವರ್ಸೆಲ್ಲ ಸಗಣಿ ಬಾಚ್ತೀನಿ, ಅದ್ಕೆ ಯಾರೂ ಎಸ್ರು ಇಕ್ಲಿಲ್ವಲ್ಲ!' ಎನ್ನುತ್ತಾರೆ.

ಮನೆಯಲ್ಲೂ ಕಡಿಮೆ ಫಜೀತಿಯೇನಲ್ಲ. ಮೊದಲ ಸಲ ಒಣಗಲು ಇಟ್ಟಿದ್ದ ಹಿಕ್ಕೆಯನ್ನೆಲ್ಲ ಅತ್ತೆ ಬೆಟ್ಟಮ್ಮ ಬಚ್ಚಲೊಲೆಗೆ ಹಾಕಿಬಿಟ್ಟಿದ್ದರು. 'ಸಣ್ ಬೆರಣಿ ಅಂದ್ಕಂಡೆ ಕಣಪ್ಪ. ಒಲೆ ಚೆಂದಾಗೇ ಉರೀತು' ಎಂದು ಆ ಅಜ್ಜಿ ಇವತ್ತಿಗೂ ಸಮರ್ಥಿಸಿಕೊಳ್ಳುತ್ತಾರೆ.

ಆದರೆ ಇವತ್ತು ಚಿಕ್ಕಬೋರಮ್ಮನ ನಗುವಿನ ಹಿಂದೆ ಆತಂಕವಿದೆ. ದಂಡೆಯ ಮೇಲೊಂದು ದಟ್ಟ ಮುಂಡುಗದ ಪೊದೆ. ಅದರ ಬುಡದ ಬಿಲದಲ್ಲಿ ನೀರುನಾಯಿ ಮರಿ ಹಾಕಿದೆ. ಪೊದೆ ಇರುವ ಜಾಗ ಗಂಡನ ಅಣ್ಣ ಚಿಕ್ಕಸ್ವಾಮಿಯವರ ಗದ್ದೆಗೆ ಅಂಟಿಕೊಂಡಿದೆ. ಅದನ್ನು ಸುಟ್ಟು ಕಬ್ಬು ಹಾಕುತ್ತೇನೆಂದು ಅವರು ಪಟ್ಟು ಹಿಡಿದಿದ್ದಾರೆ, ಬೆಂಕಿ ಇಡುವುದು ಇವತ್ತೇ ಮಧ್ಯಾಹ್ನ. ಹೋಗಿ ಬೇಡ ಎನ್ನೋಣವೆಂದರೆ, ತಮ್ಮನ ಹೆಂಡತಿ ಭಾವನೆದುರು ನಿಂತು ಮಾತಾಡುವ ಪದ್ಧತಿ ಈ ಮನೆಯಲ್ಲಿಲ್ಲ. ಮದುವೆಯಾಗಿ ಬಂದ ದಿನದಿಂದ ಆಕೆ ಭಾವನೊಂದಿಗೆ ನೇರವಾಗಿ ಒಂದು ಮಾತನ್ನೂ ಆಡಿಲ್ಲ.

ಹಾಗಾಗಿ ಅತ್ತೆಯನ್ನು ಮುಂದಿಟ್ಟುಕೊಂಡು ಗದ್ದೆಗೆ ಹೊರಟರು, ಹಿಂದೆ ನಾನು. ಬೇಸಿಗೆ ಭತ್ತದ ನಾಟಿಗೆ ನೀರು ಕಟ್ಟಿದ್ದ ಚಿಕ್ಕಸ್ವಾಮಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬದುವಿನ ತೂತು ಮುಚ್ಚುತ್ತಿದ್ದಾರೆ.

ಚಿಕ್ಕಬೋರಮ್ಮ ತಲೆಗೆ ಸೆರಗೆಳೆದುಕೊಂಡು ಅತ್ತೆಯ ಬೆನ್ನಿಗೆ ನಿಂತರು. 'ಅತ್ತೆ, ಪೊದೇಲಿ ಮರಿ ಅವೆ ಅಂತ ಭಾವಂಗೆ ಏಳಿ.'

'ಮರಿ ಅವಂತೆ ಕಣ್ಲಾ' ಎಂದರು ಬೆಟ್ಟಮ್ಮ.

'ನಂಗೂ ಕಿವಿ ಅವೆ ಕಣವ್ವ. ಮೀನ್ ತಿನ್ನೋ ಪ್ರಾಣಿಯಿಂದ ನಮ್ಗೇನ್ ಬಂತು, ಕೇಳು.'

ಮೂವರೂ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದಾರೆ! ನಗು ತಡೆಯಲು ನಾನು ಹೊಳೆಯ ಕಡೆ ತಿರುಗಿದೆ. ಅಷ್ಟರಲ್ಲಿ ಚಿಕ್ಕಸ್ವಾಮಿ ಮುಚ್ಚಿದ್ದ ಕಡೆಯೇ ಮತ್ತೆ ನೀರು ಚಿಮ್ಮಿತು. ಹಿಡಿ ಕೆಸರನ್ನು ರಪ್ಪನೆ ಬದುವಿಗೆ ಬಡಿದು, 'ಈ ಏಡಿಗಳ ಮನೆ ಆಳಾಗ! ಎಲ್ ನೋಡುದ್ರೂ ತೂತು. ಕಟ್ಟಿದ್ ನೀರೆಲ್ಲ ಬಸ್ದೋಯ್ತದೆ' ಎಂದು ಬೈದರು.

ಏಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚಿಕ್ಕಬೋರಮ್ಮ ದಂಡೆಗೆ ಓಡಿದರು. ನಿನ್ನೆ ತೊಳೆದ ಹಿಕ್ಕೆಯನ್ನು ಅಲ್ಲಿ ಒಣಗಲು ಇಟ್ಟಿದ್ದ ಮೊರವನ್ನು ತಂದವರೇ ಸೀದಾ ಕೆಸರಿಗಿಳಿದು ಭಾವನ ಮುಖಕ್ಕೆ ಹಿಡಿದರು.

'ಭಾವ, ಇಲ್ ನೋಡಿ! ಮೀನೂ ತಿಂತವೆ, ಸುಳ್ಳೇಳಾಕಿಲ್ಲ. ಆದ್ರೆ ಇದೆಲ್ಲ ಏಡಿ ಚಿಪ್ಪು. ನೀವ್ ಬಯ್ತಿರೋ ಏಡಿಗುಳ್ನೇ ಅವು ತಿಂತಾ ಇರಾದು!'

ಆಚೆ ಪೈರು ನೆಡುತ್ತಿದ್ದ ಹೆಣ್ಣಾಳುಗಳು ಸೊಂಟ ನೆಟ್ಟಗೆ ಮಾಡಿ ಇತ್ತ ತಿರುಗಿದರು. ಬೆಟ್ಟಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. ಏನು ಮಾಡಿದೆನೆಂದು ಆಗ ಹೊಳೆದು ಚಿಕ್ಕಬೋರಮ್ಮ ನಾಲಿಗೆ ಕಚ್ಚಿಕೊಂಡರು, ಮೊರವನ್ನು ಮಾತ್ರ ಕೆಳಗಿಳಿಸಲಿಲ್ಲ. ಚಿಕ್ಕಸ್ವಾಮಿ ಒಂದು ಚಿಪ್ಪನ್ನು ಎತ್ತಿ ಉಗುರಿನಿಂದ ಮುರಿದು ನೋಡಿದರು. ಬದು ನೋಡಿದರು, ಪೊದೆ ನೋಡಿದರು, ಕಡೆಗೆ ಎದುರು ನಿಂತವಳನ್ನು ನೋಡಿದರು.

'ಇರ್ಲಿ ಬುಡವ್ವ ಪೊದೆ' ಎಂದರು, ಅವ್ವನಿಗಲ್ಲ, ತಮ್ಮನ ಹೆಂಡತಿಗೇ. 'ಇನ್ಮ್ಯಾಕೆ ಏನಿದ್ರೂ ನನ್ಗೇ ಏಳು. ಅವ್ವಂಗೂ ವಯಸ್ಸಾಯ್ತು.'

'ಯಾರ್ಗ್ಲಾ ವಯಸ್ಸಾಗಿರಾದು?' ಎಂದು ಬೆಟ್ಟಮ್ಮ ಗದರಿಸಿದ್ದಕ್ಕೆ ನಾಟಿಯ ಹೆಣ್ಣಾಳುಗಳೆಲ್ಲ ಗೊಳ್ಳೆಂದರು. ನನಗಂತೂ ಕುಣಿಯುವಷ್ಟು ಖುಷಿ.

ಸಂಜೆ ನಾನೂ ಚಿಕ್ಕಬೋರಮ್ಮನೂ ದಂಡೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೇವೆ. ಬಿಲದಿಂದ ತಾಯಿ ಇಣುಕುತ್ತದೆ. ಅದರ ಹಿಂದೆ ಮರಿಗಳು ಒಂದನ್ನೊಂದು ನೂಕುತ್ತ, ಕೆಸರಿನಲ್ಲಿ ಜಾರಿ ದೊಪ್ಪನೆ ನೀರಿಗೆ ಬೀಳುತ್ತವೆ. ನನ್ನ ಕ್ಯಾಮೆರಾದ ರೀಲು ಆಗಲೇ ಮುಗಿದಿದೆ, ಹಾಳಾದ್ದು! ನಿಮಗೇನಾದರೂ ಆಸೆ ಇದೆಯಾ ಎಂದು ಪಿಸುಗುಟ್ಟಿ ಕೇಳುತ್ತೇನೆ.

ಚಿಕ್ಕಬೋರಮ್ಮ ಮರಿಗಳ ಮೇಲಿನ ಕಣ್ಣು ಕೀಳುವುದಿಲ್ಲ. 'ಇವು ದೊಡ್ಡವಾಗಿ ಎರ್ಗೆಗೆ ಇದೇ ಪೊದೆಗೆ ಬರ್ಲಿ ಸಾ. ಬಾಣಂತನಕ್ಕೆ ನಾನಿವ್ನಿ.'